ನಾಲ್ಕನೇ ದಿನ ಹೃದಯದ ಗೋಡೆ ಒಡೆದದ್ದೇಕೆ?

ಪ್ರಶ್ನೆ: ಕಾಫಿ ಕೊಯ್ಲಿನ ಹೊತ್ತಿನಲ್ಲಿ 71 ವರ್ಷದ ನಮ್ಮ ಮಾವನಿಗೆ ಎದೆ ಉರಿ ಬಂತು. ಗ್ಯಾಸ್ ಇರಬೇಕೆಂದು ಮರುದಿನದವರೆಗೆ ಮನೆಯಲ್ಲೇ ಇದ್ದರು. ಹಾರ್ಟ್ ಅಟ್ಯಾಕ್ ಎಂದು ಆಸ್ಪತ್ರೆಗೆ ಸೇರಿಸಿದೆವು. ನಾಲ್ಕನೇ ದಿನ ಗಂಜಿ ಕುಡಿದು ಮಾತಾಡುತ್ತಿದ್ದವರು ಹಾಗೇ ಕುಸಿದು ತೀರಿಕೊಂಡರು. ಹೃದಯದ ಗೋಡೆ ಒಡೆದಿದೆ ಎಂದರು. ಶೌಚಾಲಯಕ್ಕೆ ನಡೆಸಿಕೊಂಡು ಹೋದದ್ದು ನಮ್ಮ ತಪ್ಪೇ?
– ಓದುಗರು, ಸೋಮವಾರಪೇಟೆ

ಉತ್ತರ: ಆ ನಾಲ್ಕು ಹೆಜ್ಜೆಗಾಗಿ ದಯವಿಟ್ಟು ಕೊರಗಬೇಡಿ. ಮೂಲ ಕಾರಣ ಬೇರೆಯೇ ಇದೆ. ರಕ್ತನಾಳ ಪೂರ್ತಿ ಮುಚ್ಚಿ ಗಂಟೆಗಟ್ಟಲೆ ಹಾಗೇ ಉಳಿದರೆ, ಅದು ಪೋಷಿಸುವ ಸ್ನಾಯು ಒಳಪದರದಿಂದ ಹೊರಪದರದವರೆಗೂ ಸಾಯುತ್ತದೆ. ಸತ್ತ ಭಾಗವನ್ನು ಬಿಳಿ ರಕ್ತಕಣಗಳು ಕರಗಿಸತೊಡಗುತ್ತವೆ. ಅಲ್ಲಿ ಗಟ್ಟಿ ಕಲೆ ಕಟ್ಟಲು ವಾರಗಳೇ ಬೇಕು. ಹೀಗಾಗಿ 3ರಿಂದ 7ನೇ ದಿನದ ನಡುವೆ ಆ ಜಾಗ ತೀರಾ ಮೆತ್ತಗಿರುತ್ತದೆ. ಪ್ರತಿ ಬಡಿತದ ಒತ್ತಡವೂ ಅದರ ಮೇಲೆ ಬೀಳುತ್ತದೆ. ಮೊದಲ 24 ಗಂಟೆಯಲ್ಲೇ ಒಡೆಯುವುದೂ ಉಂಟು.

ಹೊರಗೋಡೆ ಒಡೆದರೆ ರಕ್ತ ಹೃದಯದ ಸುತ್ತಲಿನ ಚೀಲಕ್ಕೆ ನುಗ್ಗುತ್ತದೆ. ಚೀಲ ಬೇಗ ಹಿಗ್ಗುವುದಿಲ್ಲ, 150 ಮಿ.ಲೀ.ನಷ್ಟು ರಕ್ತ ಒಮ್ಮೆಲೇ ತುಂಬಿದರೂ ಹೃದಯ ಅದುಮಿಹೋಗಿ ಬಿ.ಪಿ. ಕುಸಿಯುತ್ತದೆ. ಎರಡು ಕೆಳಕೋಣೆಗಳ ನಡುವಿನ ಗೋಡೆ ತೂತಾದರೆ ಉಬ್ಬಸ ಬರುತ್ತದೆ, ಸ್ಟೆತಾಸ್ಕೋಪಿನಲ್ಲಿ ಹೊಸ ಮರ್ಮರ (ರಕ್ತ ನುಗ್ಗುವ ಅಸಹಜ ಸದ್ದು) ಕೇಳುತ್ತದೆ. ಹಾಸಿಗೆಯ ಪಕ್ಕದಲ್ಲೇ ಎಕೋ (ಹೃದಯದ ಸ್ಕ್ಯಾನ್) ಮಾಡಿ ಗುರುತಿಸಬಹುದು. ಚೀಲದಲ್ಲಿ ತುಂಬಿದ ರಕ್ತವನ್ನು ಸೂಜಿಯಿಂದ ತೆಗೆಯುವುದು ಸ್ವಲ್ಪ ಸಮಯ ಕೊಡುತ್ತದೆ ಅಷ್ಟೇ, ಉಳಿಸುವುದು ಶಸ್ತ್ರಚಿಕಿತ್ಸೆ. ಅದಕ್ಕೂ ಹಲವರಿಗೆ ಅವಕಾಶ ಸಿಗುವುದಿಲ್ಲ.

ವಯಸ್ಸಾದವರು, ಹೆಂಗಸರು, ಬಿ.ಪಿ. ಇರುವವರು, ಮೊದಲ ಸಲ ಅಟ್ಯಾಕ್ ಆದವರಲ್ಲಿ ಅಪಾಯ ಹೆಚ್ಚು. ಎಲ್ಲಕ್ಕಿಂತ ದೊಡ್ಡದು ತಡ. ನಾಳ ಬೇಗ ತೆರೆದವರಲ್ಲಿ ಇದು ನೂರಕ್ಕೆ ಒಬ್ಬರಿಗೂ ಆಗುವುದಿಲ್ಲ.

ಪ್ರಶ್ನೆ: ಎದೆನೋವು ಬಂದರೆ ಮಡಿಕೇರಿ ಕಡೆಯಿಂದ ನೇರ ಮೈಸೂರಿಗೇ ಹೋಗುವುದು ಒಳ್ಳೆಯದಲ್ಲವೇ?

ಉತ್ತರ: ಬೇಡ. ಮೈಸೂರು 120 ಕಿ.ಮೀ. ದೂರ, ಮಳೆಗಾಲದಲ್ಲಿ ಇನ್ನೂ ಹೊತ್ತಾಗುತ್ತದೆ. 108ಕ್ಕೆ ಕರೆ ಮಾಡಿ. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ 300 ಮಿ.ಗ್ರಾಂ ಆಸ್ಪಿರಿನ್ ಅಗಿದು ನುಂಗಲಿ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಮಾತ್ರ ಬೇಡ. ಅವು ಹೃದಯದ ಗಾಯ ಮಾಯುವುದನ್ನೇ ಕೆಡಿಸಬಲ್ಲವು. ಹತ್ತಿರದ ಆಸ್ಪತ್ರೆಯಲ್ಲಿ 10 ನಿಮಿಷದೊಳಗೆ ಇಸಿಜಿ ಆಗಬೇಕು. ನಾಳ ಮುಚ್ಚಿರುವುದು ಕಂಡರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಕೊಡುತ್ತಾರೆ, ತೂಕ ನೋಡಿ 30ರಿಂದ 50 ಮಿ.ಗ್ರಾಂ, 75 ವರ್ಷ ದಾಟಿದವರಿಗೆ ಅದರ ಅರ್ಧ. ನೋವು ಶುರುವಾದ ಮೊದಲ 3 ಗಂಟೆಯಲ್ಲಿ ಕೊಟ್ಟರೆ ಫಲ ಹೆಚ್ಚು, 12 ಗಂಟೆ ದಾಟಿದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಇಂಜೆಕ್ಷನ್ ಆದ ಕೂಡಲೇ ಆಂಬುಲೆನ್ಸ್‌ನಲ್ಲಿ ಮೈಸೂರಿಗೆ ಹೊರಡಿ, ಆಂಜಿಯೋಗ್ರಾಂ ಅಲ್ಲಿ ಆಗಲಿ.