ಬಾಕ್ಸಿಂಗ್ ಪ್ರಶ್ನೋತ್ತರ: ವೈಲ್ಡರ್ ಬಲಗೈ ಮತ್ತು ಮೂರು ಅಂಕಪಟ್ಟಿ

ಪ್ರಶ್ನೆ: 2018ರ ಡಿಸೆಂಬರ್ 1ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದ ಡಿಯಾಂಟೆ ವೈಲ್ಡರ್–ಟೈಸನ್ ಫ್ಯೂರಿ ಹೆವಿವೇಟ್ ಪಂದ್ಯದ ವಿಡಿಯೊ ನೋಡಿದೆ. ಬಹುಪಾಲು ಹೊತ್ತು ಫ್ಯೂರಿಯದೇ ಮೇಲುಗೈ. ಆದರೂ ಡ್ರಾ ಎಂದರು. ಇದು ಮೋಸವಲ್ಲವೇ? (ಓದುಗರು, ಶಿವಮೊಗ್ಗ)

ಉತ್ತರ: ಡ್ರಾ ಅನ್ನುವುದೇ ಮೋಸವಲ್ಲ. ತಕರಾರು ಎತ್ತಬೇಕಾದದ್ದು ಒಬ್ಬ ತೀರ್ಪುಗಾರರ ಪಟ್ಟಿಯ ಮೇಲೆ. ಲೆಕ್ಕ ಹಾಕಿ ನೋಡಿ. ರೌಂಡ್ ಗೆದ್ದವರಿಗೆ 10, ಸೋತವರಿಗೆ 9. ಒಮ್ಮೆ ನೆಲಕ್ಕೆ ಬಿದ್ದರೆ ಸಾಮಾನ್ಯವಾಗಿ 10-8. ಹನ್ನೆರಡು ರೌಂಡಿನ ಈ ಪಂದ್ಯದಲ್ಲಿ ಫ್ಯೂರಿ 9 ಮತ್ತು 12ನೇ ರೌಂಡಿನಲ್ಲಿ ಬಿದ್ದರು. ಈ ಎರಡರಲ್ಲೇ ವೈಲ್ಡರ್‌ಗೆ 20, ಫ್ಯೂರಿಗೆ 16. ಉಳಿದ ಹತ್ತರಲ್ಲಿ ಫ್ಯೂರಿ ಏಳು ಗೆದ್ದರೂ 97 ಸೇರಿ ಅವರದು 113. ವೈಲ್ಡರ್‌ಗೆ 93 ಸೇರಿ ಅದೂ 113. ಅಂದರೆ ಫ್ಯೂರಿ ಗೆಲ್ಲಬೇಕಾದರೆ ಹತ್ತರಲ್ಲಿ ಎಂಟು ಬೇಕಿತ್ತು.

ಮೂವರು ತೀರ್ಪುಗಾರರಲ್ಲಿ ಫಿಲ್ ಎಡ್ವರ್ಡ್ಸ್ ಫ್ಯೂರಿಗೆ ಏಳು ರೌಂಡ್ ಕೊಟ್ಟರು: 113-113. ರಾಬರ್ಟ್ ಟ್ಯಾಪರ್ ಎಂಟು ಕೊಟ್ಟರು: ಫ್ಯೂರಿ 114-112. ಇವೆರಡೂ ಒಪ್ಪುವಂಥವು. ಅಲೆಹಾಂಡ್ರೊ ರೋಚಿನ್ ಮಾತ್ರ ಐದೇ ಕೊಟ್ಟು ವೈಲ್ಡರ್ 115-111 ಎಂದರು. ಮೊದಲ ನಾಲ್ಕು ರೌಂಡನ್ನೂ ವೈಲ್ಡರ್‌ಗೇ ಬರೆದರು. ಆ ನಾಲ್ಕರಲ್ಲಿ ವೈಲ್ಡರ್ ಮುಂದೆ ಮುಂದೆ ನುಗ್ಗಿದ್ದು ನಿಜ, ಆದರೆ ಬೀಸಿದ ಬಲಗೈ ಮತ್ತೆ ಮತ್ತೆ ಗಾಳಿಗೆ ಹೋಯಿತು. ತಾಗದ ಏಟಿಗೆ ಅಂಕವಿಲ್ಲ. ಆಕ್ರಮಣ ಫಲ ಕೊಟ್ಟರೆ ಮಾತ್ರ ಲೆಕ್ಕಕ್ಕೆ. ಪಂಚ್‌ಗಳನ್ನು ಎಣಿಸುವ ಕಂಪ್ಯೂಬಾಕ್ಸ್‌ನ ಪೂರ್ತಿ ಪಂದ್ಯದ ಲೆಕ್ಕದಂತೆ ವೈಲ್ಡರ್ 430 ಪಂಚ್ ಎಸೆದು ತಾಗಿಸಿದ್ದು 71, ಫ್ಯೂರಿ 327ರಲ್ಲಿ 84. ಆ ನಾಲ್ಕು ರೌಂಡನ್ನು ಹಾಗೆ ಬರೆಯಲು ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ.

ಪ್ರಶ್ನೆ: ಅಷ್ಟು ನಾಕೌಟ್ ಮಾಡಿದ ವೈಲ್ಡರ್‌ಗೆ ಕೌಶಲ ಕಡಿಮೆ ಅನ್ನುತ್ತಾರಲ್ಲ, ಎಲ್ಲಿ? (ಓದುಗರು, ಹುಬ್ಬಳ್ಳಿ)

ಉತ್ತರ: ಕಾಲಿನಲ್ಲಿ. ಅವರು ಬಾಕ್ಸಿಂಗ್ ಹಿಡಿದದ್ದೇ ಇಪ್ಪತ್ತರ ಆಸುಪಾಸಿನಲ್ಲಿ. ನಮ್ಮ ವಿಜೇಂದರ್ ಸಿಂಗ್ ಕಂಚು ಗೆದ್ದ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲೇ ಇವರೂ ಕಂಚು ಗೆದ್ದರು, ಆದರೆ ಬಾಲ್ಯದಿಂದ ಕೂರಬೇಕಾದ ಪಾದದ ಅಭ್ಯಾಸ ಕೂರಲಿಲ್ಲ. ಬಲಗೈ ಬೀಸುವಾಗ ಇಡೀ ಮೈತೂಕ ಮುಂಗಾಲಿಗೆ ಸುರಿಯುತ್ತದೆ. ತಪ್ಪಿದರೆ ಹಿಂಗಾಲು ಎಳೆದುಕೊಂಡು ಬಂದು ಎರಡೂ ಪಾದ ಒಂದೇ ಗೆರೆಗೆ ನಿಲ್ಲುತ್ತವೆ. ಆ ಗಳಿಗೆಯಲ್ಲಿ ಹೊಡೆಯಲೂ ಆಗದು, ಸರಿಯಲೂ ಆಗದು. ಅವರ ಜಾಬ್ (ಮುಂದಿನ ಕೈಯ ನೇರ ಏಟು) ಬಹುಪಾಲು ದೂರ ಅಳೆಯುವುದಕ್ಕೆ, ನೋಯಿಸುವುದಕ್ಕಲ್ಲ. ಎದೆಗೆ ಎದೆ ತಾಗುವಷ್ಟು ಹತ್ತಿರ ಬಂದರೆ ಕೈಯಲ್ಲಿ ಆಯುಧವಿಲ್ಲ.

ಎಲ್ಲಕ್ಕಿಂತ ದೊಡ್ಡದು, ಹಿಮ್ಮೆಟ್ಟುತ್ತಾ ಹೊಡೆಯಲು ಬಾರದು. ಬಲಗೈಗೆ ಶಕ್ತಿ ಬರುವುದು ಹಿಂಗಾಲು ನೆಲ ಒತ್ತಿದಾಗ. ಹಿಂದೆ ಸರಿಯುವವನ ಹಿಂಗಾಲು ಒತ್ತುವುದಿಲ್ಲ. 2020ರ ಫೆಬ್ರುವರಿ 22ರಂದು ಲಾಸ್ ವೇಗಸ್‌ನಲ್ಲಿ ನಡೆದ ಇಬ್ಬರ ಎರಡನೇ ಪಂದ್ಯಕ್ಕೆ ಫ್ಯೂರಿ 273 ಪೌಂಡ್ ತೂಕದೊಂದಿಗೆ ಬಂದು ಮಾಡಿದ್ದು ಇದನ್ನೇ: ಮೊದಲ ರೌಂಡಿನ ಗಂಟೆ ಹೊಡೆದಾಗಿನಿಂದಲೇ ಮುಂದೊತ್ತಿದರು, ಹಿಡಿದಾಗ ಮೈಭಾರ ಹೇರಿದರು. ಮೂರು ಮತ್ತು ಐದನೇ ರೌಂಡಿನಲ್ಲಿ ವೈಲ್ಡರ್ ಬಿದ್ದರು. ಏಳರಲ್ಲಿ ವೈಲ್ಡರ್ ಕಡೆಯವರೇ ಟವೆಲ್ ಎಸೆದು ಸೋಲೊಪ್ಪಿದರು.

ಹಾಗಂತ ಆ ಬಲಗೈಯನ್ನು ಹಗುರವಾಗಿ ನೋಡಬೇಡಿ. 2019ರ ನವೆಂಬರ್‌ನಲ್ಲಿ ಲೂಯಿಸ್ ಒರ್ಟಿಜ್ ಎದುರು ಆರು ರೌಂಡ್ ಮುಗಿದಾಗ ಮೂರೂ ಪಟ್ಟಿಗಳಲ್ಲಿ ಹಿಂದಿದ್ದವರು ಏಳನೆಯದರಲ್ಲಿ ಒಂದೇ ಏಟಿಗೆ ಮುಗಿಸಿದರು.

ಪ್ರಶ್ನೆ: ಮೊದಲ ಪಂದ್ಯದ 12ನೇ ರೌಂಡಿನಲ್ಲಿ ಅಂಗಾತ ಬಿದ್ದ ಫ್ಯೂರಿಯನ್ನು ನೋಡಿಯೂ ರೆಫರಿ ಏಕೆ ನಿಲ್ಲಿಸಲಿಲ್ಲ? (ಓದುಗರು, ಮಂಗಳೂರು)

ಉತ್ತರ: ಎಣಿಸುವುದೋ ನಿಲ್ಲಿಸುವುದೋ ರೆಫರಿಯ ವಿವೇಚನೆ. ಜ್ಯಾಕ್ ರೀಸ್ ಬಾಗಿ ಹತ್ತಿರದಿಂದ ಎಣಿಸಿದರು, ಫ್ಯೂರಿ ಒಂಬತ್ತಕ್ಕೆ ಎದ್ದರು, ನಡೆದು ತೋರಿಸಿ ಅಂದಾಗ ನೆಟ್ಟಗೆ ನಡೆದರು. ಸರಿಯಾದ ನಿರ್ಧಾರ.

ಪ್ರಶ್ನೆ: ಮನೆಯಲ್ಲೇ ಅಂಕ ಹಾಕಿ ಕಲಿಯುವುದು ಹೇಗೆ? (ಓದುಗರು, ಬಳ್ಳಾರಿ)

ಉತ್ತರ: ಟಿವಿಯ ಧ್ವನಿ ಪೂರ್ತಿ ತೆಗೆಯಿರಿ. ಜನರ ಕೂಗು ಮತ್ತು ವೀಕ್ಷಕ ವಿವರಣೆ ತಾಗದ ಏಟನ್ನೂ ತಾಗಿದಂತೆ ತೋರಿಸುತ್ತವೆ. ಗಂಟೆ ಹೊಡೆದ ಕೂಡಲೇ, ಮರುಪ್ರಸಾರ ಬರುವ ಮೊದಲೇ ಅಂಕ ಬರೆಯಿರಿ, ಆಮೇಲೆ ತಿದ್ದಬೇಡಿ. ಏಟು ಬಿದ್ದಿತೇ ಅನ್ನುವುದಕ್ಕೆ ಹೊಡೆದವನ ಕೈ ಬಿಟ್ಟು ಹೊಡೆಸಿಕೊಂಡವನ ತಲೆ ನೋಡಿ: ಥಟ್ಟನೆ ಹಿಂದಕ್ಕೆ ಹೋದರೆ ಬಿದ್ದಿದೆ, ಗ್ಲೋವ್ಸ್‌ಗೆ ತಾಗಿ ನಿಂತರೆ ಇಲ್ಲ. ಕೊನೆಯ ಅರ್ಧ ನಿಮಿಷದ ಅಬ್ಬರ ಮೊದಲ ಎರಡೂವರೆ ನಿಮಿಷವನ್ನು ಮರೆಸುತ್ತದೆ, ಹಾಗಾಗಿ ಪ್ರತಿ ನಿಮಿಷಕ್ಕೂ ಯಾರ ಕೈ ಮೇಲಿತ್ತು ಎಂದು ಪಕ್ಕದಲ್ಲಿ ಗುರುತು ಹಾಕಿ. ಸಮ ಅನ್ನಿಸಿದರೆ 10-10 ಬರೆದು ತಪ್ಪಿಸಿಕೊಳ್ಳಬೇಡಿ, ಸ್ಪಷ್ಟವಾಗಿ ತಾಗಿದ ಏಟು ಯಾರದು ಹೆಚ್ಚು ಎಂದು ನೋಡಿ ಕೊಡಿ.