ಚರ್ಚಿನ ಬೆಂಚು ಬಿಟ್ಟು ಏಳಬೇಡಿ

ಪತ್ರ ಬರೆದವರು ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಊರು ಮಂಗಳೂರಿನ ಕಡೆ, ಕೆಲಸ ಬೆಂಗಳೂರಲ್ಲಿ. ಕಥೋಲಿಕರು. ಭಾನುವಾರ ಚರ್ಚಿನ ಗಾಯನ ಮಂಡಳಿಯಲ್ಲಿ ಹಾಡುತ್ತಾರೆ. ಅವರು ಗೇ. ಅವರ ಮಾತಲ್ಲೇ ಒಂದಿಷ್ಟು ಕೇಳಿ:

‘2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂತು, ನಾವು ಅಪರಾಧಿಗಳಲ್ಲ ಎಂದು. ಎರಡು ದಿನ ಬಿಟ್ಟು ಮೋಂತಿ ಫೆಸ್ತ್, ನಮ್ಮ ತೆನೆ ಹಬ್ಬ. ಹೊಸ ಅಕ್ಕಿ ಊಟಕ್ಕೆ ಎಲ್ಲರೂ ಕೂತಾಗ ಟಿವಿಯಲ್ಲಿ ಅದೇ ಸುದ್ದಿ. ಅಪ್ಪ ಚಾನೆಲ್ ಬದಲಿಸಿದರು. ಯಾರೂ ಮಾತಾಡಲಿಲ್ಲ. ಮನೆಯಲ್ಲಿ ಈಗಲೂ ಅಕ್ಕನಿಗೆ ಮಾತ್ರ ಗೊತ್ತು. ಒಂದು ಧ್ಯಾನಕೂಟಕ್ಕೆ ಹೋಗು, ಗುಣ ಆಗುತ್ತದೆ ಅನ್ನುತ್ತಾಳೆ. ಇತ್ತ ನನ್ನ ಗೇ ಗೆಳೆಯರು, ನಿನ್ನನ್ನು ಪಾಪಿ ಅನ್ನುವವರ ಹತ್ತಿರ ಯಾಕೆ ಹೋಗ್ತೀಯ ಎಂದು ನಗುತ್ತಾರೆ. ಬೈಬಲ್ಲಿನ ಯಾಜಕಕಾಂಡದಲ್ಲಿ ಗಂಡು ಗಂಡಿನ ಜೊತೆ ಮಲಗುವುದು ಅಸಹ್ಯ ಅಂತಲೇ ಇದೆಯಲ್ಲ. ಎರಡರಲ್ಲಿ ಒಂದನ್ನು ಬಿಡಲೇಬೇಕಾ?’

ಬಿಡಬೇಡಿ. ಉತ್ತರ ಇಷ್ಟೇ. ಆದರೆ ಇಂಥ ಪತ್ರ ಕೈಗೆ ಸಿಕ್ಕಿದ ಸಂಪಾದಕ ಒಂದೇ ಮಾತಿಗೆ ಸುಮ್ಮನಾಗುವುದುಂಟೇ?

ಮೊದಲು ಸಣ್ಣ ತಕರಾರು. ನೀವು ಯಾಜಕಕಾಂಡದ 18ನೇ ಅಧ್ಯಾಯ ಓದಿದ್ದೀರಿ, 11ನೇ ಅಧ್ಯಾಯ ಓದಿದ ಹಾಗಿಲ್ಲ. ಅಲ್ಲಿ ಹಂದಿ ಮಾಂಸ ಕೂಡದು ಅಂತಿದೆ. ಈಜುರೆಕ್ಕೆ, ಪೊರೆ ಇಲ್ಲದ ಜಲಚರವೂ ಅಸಹ್ಯವೇ. ಅಂದರೆ ಸಿಗಡಿ, ಏಡಿ, ಮರುವಾಯಿ ಎಲ್ಲಾ ಹೋಯಿತು. ನಿಮ್ಮ ಕಡೆ ಮದುವೆಯಲ್ಲಿ ಸನ್ನಾ ಜೊತೆ ಹಂದಿ ಬಫಾತ್ ಬಡಿಸುವಾಗ ಯಾಜಕಕಾಂಡ ತೆಗೆದವರನ್ನು ನಾನಂತೂ ಕಂಡಿಲ್ಲ.

ಊಟದ ಕಟ್ಟಳೆ ಹೊಸ ಒಡಂಬಡಿಕೆಯಲ್ಲಿ ಬಿದ್ದುಹೋಯಿತು, ನೀತಿಯ ಕಟ್ಟಳೆ ಉಳಿಯಿತು ಎಂದು ಪಂಡಿತರು ಹೇಳುತ್ತಾರೆ. ಗೊತ್ತು. ಸಲಿಂಗ ಮೋಹವನ್ನು ಹಳಿಯುವ, ಸಂತ ಪೌಲರು ರೋಮನರಿಗೆ ಬರೆದ ಪತ್ರದ ಮೊದಲ ಅಧ್ಯಾಯವನ್ನೂ ಮುಂದಿಡುತ್ತಾರೆ. ಅದನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ, ಒಪ್ಪುತ್ತೇನೆ. ತಾವು ಗೇ ಎಂದು ಬಾಯಿಬಿಟ್ಟು ಹೇಳಿಯೂ, ಚರ್ಚಿನ ಬೋಧನೆಗೆ ತಲೆಬಾಗಿ ಬ್ರಹ್ಮಚರ್ಯ ಪಾಲಿಸುವ ಕ್ರೈಸ್ತರಿದ್ದಾರೆ. ಅವರ ಬಗ್ಗೆ ಹಗುರ ಮಾತು ಬೇಡ. ಆದರೆ ತಾನಾಗಿ ಹಿಡಿದ ವ್ರತ ಬೇರೆ, ಊರವರು ಹೊರಿಸಿದ ಉಪವಾಸ ಬೇರೆ.

ಇನ್ನು ಸೊದೋಮ್, ಸಲಿಂಗ ಕಾಮಕ್ಕಾಗಿ ದೇವರು ಸುಟ್ಟ ಊರು ಎಂದು ಎಲ್ಲರೂ ಬೆರಳು ತೋರುವುದು. ಆ ಊರಿನ ಪಾಪ ಯಾವುದೆಂದು ಬೈಬಲ್ಲೇ ಹೇಳುತ್ತದೆ. ಯೆಜೆಕಿಯೇಲನ ಗ್ರಂಥ, 16ನೇ ಅಧ್ಯಾಯ, 49ನೇ ವಚನ: ಸೊಕ್ಕು, ಹೊಟ್ಟೆ ತುಂಬಿದ ಸುಖ, ಬಡವರ ಕೈ ಹಿಡಿಯದೇ ಇದ್ದದ್ದು. ಮುಂದಿನ ವಚನದಲ್ಲಿ ಅಸಹ್ಯದ ಮಾತೂ ಬರುತ್ತದೆ, ಮುಚ್ಚಿಡುವುದಿಲ್ಲ. ಆದರೆ ಪಟ್ಟಿಯಲ್ಲಿ ಮೊದಲು ನಿಂತಿರುವುದು ಸೊಕ್ಕು. ಅದರ ಮೇಲೆ ಎಷ್ಟು ಪ್ರಬೋಧನೆ ಕೇಳಿದ್ದೀರಿ, ಹೇಳಿ?

ನನಗೆ ಬಹಳ ಇಷ್ಟದ ಕತೆ ಪ್ರೇಷಿತರ ಕಾರ್ಯಕಲಾಪಗಳ 8ನೇ ಅಧ್ಯಾಯದಲ್ಲಿದೆ. ಇಥಿಯೋಪಿಯದ ರಾಣಿಯ ಖಜಾನೆ ನೋಡಿಕೊಳ್ಳುವ ಕಂಚುಕಿ, ಅಂದರೆ ಬೀಜ ಒಡೆದ ಆಸ್ಥಾನಿಕ, ಜೆರುಸಲೇಮಿನಲ್ಲಿ ಆರಾಧನೆ ಮುಗಿಸಿ ರಥದಲ್ಲಿ ವಾಪಸ್ ಹೊರಟಿದ್ದಾನೆ. ಬೀಜ ಒಡೆಸಿಕೊಂಡವನಿಗೆ ದೇವರ ಸಭೆಯಲ್ಲಿ ಜಾಗವಿಲ್ಲ ಎಂದು ಹಳೆಯ ಧರ್ಮಶಾಸ್ತ್ರ ಹೇಳಿತ್ತು. ಆದರೂ ಹೋಗಿದ್ದ, ನೋಡಿ! ದಾರಿಯಲ್ಲಿ ನೀರು ಕಾಣುತ್ತದೆ. ನನಗೆ ದೀಕ್ಷಾಸ್ನಾನ ಆಗಲು ಅಡ್ಡಿ ಏನು ಎಂದು, ದಾರಿಯಲ್ಲಿ ಜೊತೆಯಾಗಿ ಯೇಸುವಿನ ಕತೆ ಹೇಳಿದ ಶಿಷ್ಯ ಫಿಲಿಪ್ಪನನ್ನು ಕೇಳುತ್ತಾನೆ. ಫಿಲಿಪ್ಪ ಕಮಿಟಿ ಕರೆಯಲಿಲ್ಲ. ಇಬ್ಬರೂ ನೀರಿಗಿಳಿದರು.

ಇಷ್ಟಾದರೂ ಬಾಗಿಲು ಕಾಯುವವರು ಕಡಿಮೆಯಾಗಲಿಲ್ಲ. ಅಮೆರಿಕದ ಟ್ರಾಯ್ ಪೆರಿ ಪೆಂಟಕೋಸ್ಟಲ್ ಪಾದ್ರಿ. ಗೇ ಎಂದು ಗೊತ್ತಾಗಿ ಹೊರಹಾಕಿದರು. 1968ರಲ್ಲಿ ಕ್ಯಾಲಿಫೋರ್ನಿಯದ ತಮ್ಮ ಮನೆಯಲ್ಲೇ 12 ಜನರನ್ನು ಕೂರಿಸಿಕೊಂಡು ಆರಾಧನೆ ಶುರು ಮಾಡಿದರು. ಅದು ಮುಂದೆ ದೇಶ ದೇಶಗಳಿಗೆ ಹಬ್ಬಿತು. 2003ರಲ್ಲಿ ಜೀನ್ ರಾಬಿನ್ಸನ್ ನ್ಯೂ ಹ್ಯಾಂಪ್‌ಶೈರ್‌ನ ಎಪಿಸ್ಕೋಪಲ್ ಬಿಷಪ್ ಆದರು, ಗೇ ಎಂದು ಮುಚ್ಚಿಡದೆಯೇ. ದೀಕ್ಷೆಯ ದಿನ ನಿಲುವಂಗಿಯ ಒಳಗೆ ಗುಂಡು ತಡೆಯುವ ಕವಚ ತೊಟ್ಟಿದ್ದರು. ದೀಕ್ಷೆಗೆ ನಿಂತ ಬಿಷಪ್ಪರಿಗೆ ಕವಚ!

ಇದೇ ರಾಬಿನ್ಸನ್ ಮುಂದೆ ಮ್ಯಾಥ್ಯೂ ಶೆಪರ್ಡನ ಅಸ್ಥಿ ಹೊತ್ತರು. ಮ್ಯಾಥ್ಯೂ ಅಮೆರಿಕದ ವಯೋಮಿಂಗ್‌ನ ಹುಡುಗ, ನಿಮ್ಮ ಹಾಗೇ ಚರ್ಚಿನವನು, ಪೀಠಸೇವೆ ಮಾಡಿ ಬೆಳೆದವನು. ಗೇ ಎಂಬುದಕ್ಕೆ 1998ರಲ್ಲಿ ಬೇಲಿಗೆ ಕಟ್ಟಿ ಹೊಡೆದರು. ಸತ್ತಾಗ 21 ವರ್ಷ. ಅಂತ್ಯಕ್ರಿಯೆಯ ದಿನ ಚರ್ಚಿನ ಹೊರಗೆ, ಅವನು ನರಕಕ್ಕೆ ಹೋದ ಎಂದು ಫಲಕ ಹಿಡಿದು ಬೈಬಲ್ಲಿನ ಹೆಸರಲ್ಲೇ ಕೆಲವರು ಕೂಗಿದರು. ಸಮಾಧಿ ಕಟ್ಟಿದರೆ ಅದನ್ನೂ ಹಾಳು ಮಾಡುತ್ತಾರೆಂದು ಅಪ್ಪ ಅಮ್ಮ 20 ವರ್ಷ ಅಸ್ಥಿಯನ್ನು ಎಲ್ಲೂ ಇಡಲಿಲ್ಲ. 2018ರ ಅಕ್ಟೋಬರ್ 26ರಂದು ವಾಷಿಂಗ್ಟನ್ನಿನ ರಾಷ್ಟ್ರೀಯ ಕೆಥೆಡ್ರಲ್ ಜಾಗ ಕೊಟ್ಟಿತು. ಹೆಲನ್ ಕೆಲ್ಲರ್ ಅವರ ಅಸ್ಥಿಯೂ ಅದೇ ಕೆಥೆಡ್ರಲಿನಲ್ಲಿದೆ. ಮನೆಗೆ ಬಂದೆಯಪ್ಪ ಎಂದು ರಾಬಿನ್ಸನ್ ಅವನನ್ನು ಬರಮಾಡಿಕೊಂಡರು, ಗದ್ಗದ ದನಿಯಲ್ಲಿ. ನಿಮ್ಮ ಮನೆಯಲ್ಲಿ ಚಾನೆಲ್ ಬದಲಾದದ್ದು ಇದಕ್ಕೆ ಒಂದೂವರೆ ತಿಂಗಳ ಹಿಂದೆ.

ನಮ್ಮ ದೇಶದ ಕತೆ ಬೇರೆಯಲ್ಲ. ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ 377ನೇ ಕಲಮು ಬ್ರಿಟಿಷರು 1860ರ ದಂಡಸಂಹಿತೆಯಲ್ಲಿ ತುರುಕಿಹೋದ ಕಾನೂನು. 2009ರಲ್ಲಿ ದೆಹಲಿ ಹೈಕೋರ್ಟ್ ಅದರ ಹಲ್ಲು ಕಿತ್ತಾಗ ಸುಪ್ರೀಂ ಕೋರ್ಟಿಗೆ ಓಡಿದವರಲ್ಲಿ ಜ್ಯೋತಿಷಿ ಇದ್ದರು, ಮುಸ್ಲಿಂ ಸಂಘಟನೆ ಇತ್ತು, ಕ್ರೈಸ್ತ ಸಂಘಟನೆಗಳೂ ಇದ್ದವು. ಬೇರೆ ಯಾವುದಕ್ಕೂ ಒಟ್ಟಿಗೆ ಕೂರದವರು ಇದಕ್ಕೆ ಕೂತರು. 2013ರಲ್ಲಿ ಗೆದ್ದೂ ಬಿಟ್ಟರು. ಆಗ ಮುಂಬೈಯ ಕಾರ್ಡಿನಲ್ ಓಸ್ವಾಲ್ಡ್ ಗ್ರೇಷಿಯಸ್, ಸಲಿಂಗ ಮದುವೆಯನ್ನು ಒಪ್ಪುವುದಿಲ್ಲ, ಆದರೆ ಇವರನ್ನು ಅಪರಾಧಿಗಳು ಎಂದೂ ಎಣಿಸಿಲ್ಲ ಎಂದರು. ಅಷ್ಟು ಹೇಳುವುದಕ್ಕೂ ಧೈರ್ಯ ಬೇಕಿತ್ತು. 2023ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಅದನ್ನೇ ಹೇಳಿದರು. ಆ ವರ್ಷದ ಡಿಸೆಂಬರಿನಲ್ಲಿ ಸಲಿಂಗ ಜೋಡಿಗಳಿಗೆ ಗುರುಗಳು ಆಶೀರ್ವಾದ ಕೊಡಬಹುದು ಎಂದು ವ್ಯಾಟಿಕನ್ ಒಪ್ಪಿತು, ಮದುವೆಯ ಹಾಗೆ ಕಾಣಬಾರದು ಎಂಬ ಷರತ್ತಿನ ಮೇಲೆ. ನನಗೆ ಕೇಳಿದರೆ ಇದು ಅರ್ಧ ತೆರೆದ ಬಾಗಿಲು. ಆದರೂ ತೆರೆದದ್ದು.

ನಿಮ್ಮ ಗೆಳೆಯರ ಮೇಲೂ ನನಗೆ ಸಿಟ್ಟಿದೆ. ಹಕ್ಕಿನ ಮಾತಾಡುವವನು ದೇವರನ್ನು ನಂಬಬಾರದು ಎಂಬ ಕಟ್ಟಳೆ ಮಾಡಿದವರು ಯಾರು? ನಮ್ಮ ವಿಚಾರವಂತರ ಕೂಟಗಳಲ್ಲೂ ಇದೇ ಪಾಡು. ಜಪಸರ ಹಿಡಿದವನನ್ನು ಕಂಡರೆ ಮೂಗು ಮುರಿಯುತ್ತಾರೆ. ಹಾಗೆ ಒಬ್ಬೊಬ್ಬರೇ ಎದ್ದು ಹೋದರೆ ಚರ್ಚೂ ಮಠವೂ ಮಸೀದಿಯೂ ಯಾರ ಪಾಲಾಗುತ್ತವೆ? ತಮಿಳುನಾಡಿನಲ್ಲಿ ದಲಿತ ಕ್ರೈಸ್ತರಿಗೆ ಬೇರೆ ಸ್ಮಶಾನ ಇಟ್ಟ ಊರುಗಳಿವೆ. ಅಲ್ಲಿ ಜಗಳ ಮಾಡುತ್ತಿರುವವರು ನಾಸ್ತಿಕರಲ್ಲ, ಅದೇ ಚರ್ಚಿನಲ್ಲಿ ಮೊಣಕಾಲೂರುವ ದಲಿತರು. ಇದನ್ನು ಬರೆದಾಗಲೆಲ್ಲ ಎರಡೂ ಕಡೆಯವರು ಚಂದಾ ನಿಲ್ಲಿಸುತ್ತೇವೆ ಎಂದು ಬೆದರಿಸುತ್ತಾರೆ. ನಿಲ್ಲಿಸಲಿ.

ಕೊನೆಗೆ ಅಕ್ಕನ ಧ್ಯಾನಕೂಟ. ಪ್ರಾರ್ಥನೆಗಾದರೆ ಹೋಗಿ, ಗುಣವಾಗಲು ಹೋಗಬೇಡಿ. ಹಾಗೆ ಗುಣ ಮಾಡುತ್ತೇವೆ ಎಂದು ಅಮೆರಿಕದಲ್ಲಿ 1976ರಿಂದ ನಡೆದ ಎಕ್ಸೋಡಸ್ ಇಂಟರ್‌ನ್ಯಾಷನಲ್ ಎಂಬ ಕ್ರೈಸ್ತ ಸಂಸ್ಥೆ 2013ರಲ್ಲಿ ಬಾಗಿಲು ಹಾಕಿತು. ತಾವು ಕಂಡವರಲ್ಲಿ ಹೆಚ್ಚುಕಡಿಮೆ ಯಾರೂ ಬದಲಾಗಲಿಲ್ಲ ಎಂದು ಅದರ ಮುಖ್ಯಸ್ಥರೇ ಒಪ್ಪಿದರು, ಕ್ಷಮೆಯನ್ನೂ ಕೇಳಿದರು. ನಮ್ಮಲ್ಲಿ ವೈದ್ಯರು ಇಂಥ ಚಿಕಿತ್ಸೆ ಕೊಟ್ಟರೆ ಅದು ವೃತ್ತಿಯ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಅಕ್ಕ ಕೆಟ್ಟವರಲ್ಲ, ಹೆದರಿದ್ದಾರೆ ಅಷ್ಟೇ. ಈ ಸಂಚಿಕೆ ಅವರಿಗೂ ಕೊಡಿ. ನನ್ನನ್ನು ಬೈದು ಪತ್ರ ಬರೆದರೆ ಅದನ್ನೂ ಅಚ್ಚು ಹಾಕುತ್ತೇವೆ, ಹೆಸರಿಲ್ಲದೆ.