ಕಂಟೇನರ್ ಬಾಗಿಲು ಮುಚ್ಚುವ ಮೊದಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಹೊರದೇಶಕ್ಕೆ ಸರಕು ಕಳಿಸುವ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಗುಬ್ಬಿ ಹತ್ತಿರ ನಮ್ಮದು ಕೋಕೋಪಿಟ್ (ತೆಂಗಿನ ನಾರಿನ ಪುಡಿ) ಘಟಕ. ಐದು ಕೆಜಿ ಬ್ಲಾಕುಗಳನ್ನು 40 ಅಡಿ ಕಂಟೇನರಿನಲ್ಲಿ ಯುರೋಪಿಗೆ ಕಳಿಸಬೇಕು. ದೊಡ್ಡ ವಿದೇಶಿ ಫಾರ್ವರ್ಡಿಂಗ್ ಕಂಪನಿಯ ದರಕ್ಕಿಂತ ಬೆಂಗಳೂರಿನ ಸಣ್ಣ ಏಜೆಂಟರ ದರವೇ ಕಡಿಮೆ ಬಂದಿದೆ. ಸ್ವಂತ ಹಡಗು ಇರುವವರದ್ದಲ್ಲವೇ ಅಗ್ಗ ಆಗಬೇಕಿತ್ತು? — ಓದುಗರು, ಗುಬ್ಬಿ

ಉತ್ತರ: ಫಾರ್ವರ್ಡರ್ ಹತ್ತಿರ ಹಡಗು ಇರುವುದಿಲ್ಲ. 1890ರಲ್ಲಿ ಜರ್ಮನಿಯ ಬ್ರೆಮೆನ್‌ನಲ್ಲಿ ಶುರುವಾದ ಕ್ಯೂನೆ ನಾಗೆಲ್ ಇರಲಿ, 2025ರಲ್ಲಿ ಶೆಂಕರ್ ಕಂಪನಿಯನ್ನು ಕೊಂಡ ಡಿಎಸ್‌ವಿ ಇರಲಿ, ಮೆರ್ಸ್ಕ್, ಎಂಎಸ್‌ಸಿಯಂಥ ಹಡಗು ಕಂಪನಿಗಳಿಂದ ಜಾಗ ಕೊಂಡು ನಿಮಗೆ ಮಾರುತ್ತವೆ. ಜೊತೆಗೆ ಲಾರಿ, ಕಾಗದಪತ್ರ, ಆ ಕಡೆಯ ಡೆಲಿವರಿ ಎಲ್ಲವನ್ನೂ ಹೊಂದಿಸಿ ಕೊಡುತ್ತವೆ. ಸಣ್ಣ ಏಜೆಂಟರೂ ಮಾಡುವುದು ಅದನ್ನೇ. ವ್ಯತ್ಯಾಸ ಇರುವುದು ಆ ಕಡೆಯ ಬಂದರಿನಲ್ಲಿ ಅವರದೇ ಕಚೇರಿ ಇದೆಯೋ, ಇನ್ನೊಬ್ಬರ ಕೈಗೆ ಒಪ್ಪಿಸುತ್ತಾರೋ ಎನ್ನುವುದರಲ್ಲಿ.

ದರ ಹೋಲಿಸುವಾಗ ಡಾಲರಿನಲ್ಲಿ ಬರೆದ ಹಡಗು ಬಾಡಿಗೆಯೊಂದನ್ನೇ ನೋಡಿ ತೀರ್ಮಾನಿಸಬೇಡಿ. ಗುಬ್ಬಿಗೆ ಖಾಲಿ ಕಂಟೇನರ್ ತರುವ ಬಾಡಿಗೆ, ವೈಟ್‌ಫೀಲ್ಡ್ ಐಸಿಡಿಯಿಂದ (ಒಳನಾಡಿನ ಕಂಟೇನರ್ ಡಿಪೊ) ಚೆನ್ನೈಗೆ ರೈಲು ಅಥವಾ ಟ್ರೇಲರ್ ಖರ್ಚು, ಬಂದರಿನ ಟಿಎಚ್‌ಸಿ (ಕಂಟೇನರ್ ಎತ್ತಿ ಇಳಿಸುವ ಶುಲ್ಕ), ಬಿ.ಎಲ್. (ಬಿಲ್ ಆಫ್ ಲೇಡಿಂಗ್, ಅಂದರೆ ಸರಕು ಪಡೆದದ್ದಕ್ಕೆ ಸಾಗಣೆದಾರರು ಕೊಡುವ ಪತ್ರ) ಶುಲ್ಕ, ಸೀಲ್, ಕಸ್ಟಮ್ಸ್ ಬ್ರೋಕರ್ ಫೀಸು, ತೂಕದ ಘೋಷಣೆ, ಇಷ್ಟೂ ಬೇರೆ ಬೇರೆ ಸಾಲಿನಲ್ಲಿ ಬರಲಿ. ತುಂಬಿದ ಕಂಟೇನರಿನ ಪರಿಶೀಲಿತ ತೂಕ ಕೊಡದೆ ಹಡಗಿಗೆ ಹತ್ತಿಸುವಂತಿಲ್ಲ ಎಂಬುದು 2016ರ ಜುಲೈ 1ರಿಂದ ಎಲ್ಲ ದೇಶಗಳಿಗೂ ಅನ್ವಯಿಸುವ ನಿಯಮ. ಹಾಗಾಗಿ ಆ ಸಾಲು ಇಲ್ಲದ ದರಪಟ್ಟಿ ಪೂರ್ತಿ ಪಟ್ಟಿಯಲ್ಲ. ಡಾಲರನ್ನು ಯಾವ ದಿನದ, ಯಾರ ದರದಲ್ಲಿ ರೂಪಾಯಿಗೆ ತಿರುಗಿಸುತ್ತಾರೆ, ಆ ಕಡೆ ಎಷ್ಟು ದಿನ ಬಾಡಿಗೆಯಿಲ್ಲದೆ ಕಂಟೇನರ್ ಇಟ್ಟುಕೊಳ್ಳಬಹುದು, ಇವೆರಡನ್ನೂ ಬರಹದಲ್ಲೇ ತರಿಸಿಕೊಳ್ಳಿ. ಇಲ್ಲಿ ಬಾಡಿಗೆ ಇಳಿಸಿ ಅಲ್ಲಿ ಖರೀದಿದಾರರಿಂದ ವಸೂಲಿ ಮಾಡುವವರಿದ್ದಾರೆ. ಬೇರೆಯವರ ಸರಕಿನ ಜೊತೆ ಒಂದೇ ಕಂಟೇನರ್ ಹಂಚಿಕೊಳ್ಳುವಾಗ ಇದು ಹೆಚ್ಚು. ನಿಮಗೆ ನಾಲ್ಕು ಕಾಸು ಉಳಿಯಬಹುದು, ಆದರೆ ಮುಂದಿನ ಆರ್ಡರ್ ಕೈತಪ್ಪುತ್ತದೆ.

ಬಿ.ಎಲ್. ಕರಡು ಬಂದಾಗ ಮೊದಲು ಕೆಳಗಿನ ಸಹಿಯ ಚೌಕ ಓದಿ. ‘ಕ್ಯಾರಿಯರ್ ಆಗಿ’ ಸಹಿ ಹಾಕಿದವರು ಸಾಗಣೆಯ ಹೊಣೆ ಹೊತ್ತಿರುತ್ತಾರೆ. ‘ಏಜೆಂಟ್ ಆಗಿ’ ಎಂದಿದ್ದರೆ ಯಾರ ಏಜೆಂಟ್ ಎನ್ನುವ ಹೆಸರೂ ಅಲ್ಲೇ ಇರಬೇಕು. 1993ರ ಬಹುಮಾದರಿ ಸರಕು ಸಾಗಣೆ ಕಾಯ್ದೆಯಡಿ ನೋಂದಾಯಿಸಿಕೊಂಡ ಎಂಟಿಒ (ರಸ್ತೆ, ರೈಲು, ಹಡಗು ಸೇರಿದ ಪೂರ್ತಿ ಸಾಗಣೆಯ ಹೊಣೆ ಹೊರುವವರು) ಆಗಿದ್ದರೆ ನೋಂದಣಿ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಕಡಿಮೆ ದರದವರು ಇಷ್ಟಕ್ಕೆಲ್ಲ ನೇರ ಉತ್ತರ ಕೊಟ್ಟರೆ ಧೈರ್ಯವಾಗಿ ಅವರಿಗೇ ಕೊಡಿ.

ಇನ್ನೊಂದು ಮಾತು, ಇದು ಕೋಕೋಪಿಟ್‌ಗೇ ಸೇರಿದ್ದು. ಖಾಲಿ ಕಂಟೇನರ್ ಬಂದ ಕೂಡಲೇ ಒಬ್ಬರು ಒಳಗೆ ನಿಂತು, ಹೊರಗಿನಿಂದ ಬಾಗಿಲು ಹಾಕಿಸಿ. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಸೂರಿನಲ್ಲಿ, ಮೂಲೆಗಳಲ್ಲಿ, ಬಾಗಿಲಿನ ರಬ್ಬರ್ ಅಂಚಿನಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡರೂ ಆ ಕಂಟೇನರನ್ನು ವಾಪಸ್ ಕಳಿಸಿ. ಬೆಳಕು ಬಂದ ತೂತಿನಲ್ಲಿ ಸಮುದ್ರದ ನೀರೂ ಬರುತ್ತದೆ, ಒತ್ತಿದ ಬ್ಲಾಕು ನೀರು ಕುಡಿದರೆ ಊದಿ ಪಕ್ಕದ ಸಾಲನ್ನೇ ತಳ್ಳುತ್ತದೆ. ಮರದ ಪ್ಯಾಲೆಟ್ ಬಳಸುವುದಾದರೆ 56 ಡಿಗ್ರಿ ಶಾಖದಲ್ಲಿ 30 ನಿಮಿಷ ಕಾಯಿಸಿ ಗೋಧಿತೆನೆಯ ಮುದ್ರೆ ಒತ್ತಿದ್ದನ್ನೇ ಬಳಸಿ.

ಪ್ರಶ್ನೆ: 15 ಪೆಟ್ಟಿಗೆ ಬಿಡಿಭಾಗಗಳನ್ನು ವಿಮಾನದಲ್ಲಿ ಕಳಿಸಿದೆವು. ಒಂದೊಂದು 12 ಕೆಜಿ, ಅಳತೆ 60×50×40 ಸೆಂ.ಮೀ. ಒಟ್ಟು 180 ಕೆಜಿ. ಬಿಲ್ ಬಂದದ್ದು 339 ಕೆಜಿಗೆ. ಇದು ಮೋಸವಲ್ಲವೇ? — ಓದುಗರು, ಮಾಲೂರು

ಉತ್ತರ: ಮೋಸವಲ್ಲ. ವಿಮಾನದಲ್ಲಿ ತೂಕ, ಗಾತ್ರ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸಿದರೆ ಗಾತ್ರದ ತೂಕ ಬರುತ್ತದೆ. ನಿಮ್ಮ ಪೆಟ್ಟಿಗೆಗೆ 20 ಕೆಜಿ, ಹದಿನೈದಕ್ಕೆ 300. ಮಿಕ್ಕ 39 ಕೆಜಿ ಎಲ್ಲಿಂದ ಬಂತು? ಪೆಟ್ಟಿಗೆಗಳು ಉಬ್ಬಿದ್ದವು ಎಂದು ನಮ್ಮ ಲೆಕ್ಕ. ಕಾರ್ಗೋ ಟರ್ಮಿನಲ್‌ನಲ್ಲಿ ಟೇಪನ್ನು ಉಬ್ಬಿದ ಜಾಗಕ್ಕೇ ಹಿಡಿಯುತ್ತಾರೆ. ಪ್ರತಿ ಕಡೆಗೂ ಎರಡೇ ಸೆಂಟಿಮೀಟರ್ ಹೆಚ್ಚಿ 62×52×42 ಆದರೆ ಹದಿನೈದು ಪೆಟ್ಟಿಗೆಗೆ 338.5 ದಾಟುತ್ತದೆ. ಅರ್ಧ ಕೆಜಿ ಲೆಕ್ಕದಲ್ಲಿ ಮೇಲಕ್ಕೆ ಹಿಡಿದರೆ ಸರಿಯಾಗಿ 339.

ಮುಂದಿನ ಬಾರಿ ಫೋಮ್ ತುರುಕುವುದು ಬಿಟ್ಟು ರಟ್ಟಿನ ವಿಭಾಜಕ ಹಾಕಿ. ಎತ್ತರ 30 ಸೆಂ.ಮೀ.ಗೆ ಇಳಿಸಿದರೆ ಪೆಟ್ಟಿಗೆಗೆ 15 ಕೆಜಿ, ಒಟ್ಟು 225 ಅಷ್ಟೇ. ಕೊರಿಯರ್ ಕಂಪನಿಗಳು ಸಾಮಾನ್ಯವಾಗಿ 6000ದ ಬದಲು 5000ದಿಂದ ಭಾಗಿಸುತ್ತವೆ, ಆಗ ಇದೇ ಪೆಟ್ಟಿಗೆಯ ಗಾತ್ರದ ತೂಕ ಇನ್ನೂ ಏರುತ್ತದೆ. ಹಡಗಿನಲ್ಲಾದರೆ ಒಂದು ಘನ ಮೀಟರಿಗೆ ಒಂದು ಟನ್ ಲೆಕ್ಕ.

ಪ್ರಶ್ನೆ: ರೀಫರ್ (ಶೀತಲ) ಕಂಟೇನರಿನಲ್ಲಿ ಮಲೇಷ್ಯಾಕ್ಕೆ ದ್ರಾಕ್ಷಿ ಕಳಿಸಿದೆವು. ಯಂತ್ರದ ದಾಖಲೆಯಲ್ಲಿ ತಾಪಮಾನ ಉದ್ದಕ್ಕೂ ಸರಿಯಾಗೇ ಇದೆ. ಆದರೂ ಬಾಗಿಲ ಕಡೆಯ ಪೆಟ್ಟಿಗೆಗಳು ಕೊಳೆತಿವೆ. ಯಾಕೆ? — ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಆ ದಾಖಲೆ ಹೇಳುವುದು ಗಾಳಿಯ ತಾಪಮಾನವನ್ನು, ಹಣ್ಣಿನದ್ದನ್ನಲ್ಲ. ರೀಫರ್ ಇರುವುದು ತಣ್ಣಗಿದ್ದದ್ದನ್ನು ತಣ್ಣಗೇ ಇಡುವುದಕ್ಕೆ. ಬಿಸಿ ಹಣ್ಣನ್ನು ತಂಪು ಮಾಡುವ ಶಕ್ತಿ ಅದಕ್ಕಿಲ್ಲ. ಬೆಳಿಗ್ಗೆ ಹೊತ್ತು ಏರುವ ಮೊದಲೇ ಕೊಯ್ದು, ಪ್ರೀಕೂಲಿಂಗ್ ಕೋಣೆಯಲ್ಲಿ ಹಣ್ಣಿನ ಒಳಗಿನ ತಾಪ 0ಯಿಂದ 1 ಡಿಗ್ರಿಗೆ ಬರುವ ತನಕ ಇಡಬೇಕು. ಕೋಣೆಯ ಮೀಟರ್ ನಂಬಬೇಡಿ. ನಡುವಿನ ಪೆಟ್ಟಿಗೆಯಿಂದ ಒಂದು ಹಣ್ಣು ಕಿತ್ತು, ಸೂಜಿ ಥರ್ಮಾಮೀಟರನ್ನು ತಿರುಳಿಗೇ ಚುಚ್ಚಿ, ಅಂಕಿ ನಿಲ್ಲುವವರೆಗೆ ಕಾಯಿರಿ.

ಬಾಗಿಲ ಕಡೆ ಮಾತ್ರ ಕೊಳೆತಿದೆ ಎಂದರೆ ಗಾಳಿ ಅಲ್ಲಿಗೆ ಮುಟ್ಟಿಲ್ಲ. ರೀಫರಿನಲ್ಲಿ ತಂಪು ಗಾಳಿ ನೆಲದ ಕಾಲುವೆಗಳಲ್ಲಿ ಹರಿದು, ಪೆಟ್ಟಿಗೆಗಳ ನಡುವೆ ಮೇಲೇರಿ, ಸೂರಿನ ಕೆಳಗೆ ಯಂತ್ರಕ್ಕೆ ಮರಳುತ್ತದೆ. ಪ್ಯಾಲೆಟ್‌ಗಳ ನಡುವೆ ನೆಲ ಬರಿದಾಗಿ ಬಿಟ್ಟಿದ್ದರೆ ಗಾಳಿ ಆ ಸಂದಿಯಲ್ಲೇ ಮೇಲೆದ್ದು ವಾಪಸಾಗುತ್ತದೆ, ಕೊನೆಯ ಸಾಲಿಗೆ ಏನೂ ಉಳಿಯುವುದಿಲ್ಲ. ಬರಿದಾದ ನೆಲವನ್ನು ದಪ್ಪ ರಟ್ಟಿನಿಂದ ಮುಚ್ಚಿ. ಗೋಡೆಯ ಮೇಲಿನ ಕೆಂಪು ಗೆರೆ ದಾಟಿ ಪೆಟ್ಟಿಗೆ ಪೇರಿಸಬೇಡಿ. ಬುಕಿಂಗಿನಲ್ಲಿ ಗಾಳಿಯ ತಾಪ ‘ಮೈನಸ್ 0.5’ ಎಂದು ಅಕ್ಷರದಲ್ಲೂ ಬರೆಯಿಸಿ, ಮೈನಸ್ಸಿನ ಒಂದು ಗೆರೆ ಬಿಟ್ಟುಹೋದರೂ ಒಂದು ಡಿಗ್ರಿಯ ವ್ಯತ್ಯಾಸ. ಚೆನ್ನೈವರೆಗಿನ ರಸ್ತೆಯಲ್ಲಿ ಜೆನ್‌ಸೆಟ್ (ರೀಫರಿಗೆ ವಿದ್ಯುತ್ ಕೊಡುವ ಜನರೇಟರ್) ಓಡುತ್ತಿರಬೇಕು, ಡೀಸೆಲ್ ಮಟ್ಟ ನೋಡಿಯೇ ಗಾಡಿ ಬಿಡಿ. ನಿಮ್ಮದೇ ಒಂದು ಡೇಟಾ ಲಾಗರನ್ನು (ತಾಪ ದಾಖಲಿಸುವ ಪುಟ್ಟ ಸಾಧನ) ಬಾಗಿಲ ಬಳಿಯ ಪೆಟ್ಟಿಗೆಯೊಳಗೆ ಇಡಿ. ನಷ್ಟ ಕೇಳುವಾಗ ಆಧಾರವಾಗಿ ಕೈಗೆ ಸಿಗುವುದು ಅದೇ.

ಪ್ರಶ್ನೆ: ತೆಂಗಿನ ಚಿಪ್ಪಿನ ಇದ್ದಿಲು ಕಳಿಸುತ್ತೇವೆ. ಹಿಂದೆಲ್ಲ ಸಾಮಾನ್ಯ ಸರಕಾಗಿ ಹೋಗುತ್ತಿತ್ತು, ಈಗ ಅಪಾಯಕಾರಿ ಸರಕು ಅನ್ನುತ್ತಾರೆ. ‘ತೆಂಗಿನ ಉತ್ಪನ್ನ’ ಎಂದು ಬರೆದರೆ ಸಾಕು ಎಂದು ಒಬ್ಬರು ಹೇಳಿದರು. ಬರೆಯಬಹುದೇ? — ಓದುಗರು, ತಿಪಟೂರು

ಉತ್ತರ: ದಯವಿಟ್ಟು ಬರೆಯಬೇಡಿ. ಇದ್ದಿಲು ತನ್ನಷ್ಟಕ್ಕೆ ತಾನೇ ಕಾಯುವ ವಸ್ತು. ಹೊಸ ಇದ್ದಿಲಿನ ಸಣ್ಣ ಸಣ್ಣ ರಂಧ್ರಗಳು ಗಾಳಿಯ ಆಮ್ಲಜನಕ ಹೀರುತ್ತಲೇ ಬಿಸಿಯಾಗುತ್ತವೆ. ಚೀಲದ ಮೇಲೆ ಚೀಲ ಪೇರಿಸಿದ ರಾಶಿಯ ನಡುವಿನ ಆ ಬಿಸಿಗೆ ಹೊರಬರಲು ದಾರಿಯಿಲ್ಲ. ನಡುಸಮುದ್ರದಲ್ಲಿ ಹೊತ್ತಿಕೊಂಡರೆ ಅಪಾಯ ಹಡಗಿನಲ್ಲಿರುವವರ ಜೀವಕ್ಕೆ.

ಮೊದಲು ಸ್ವಯಂ ತಾಪನ ಪರೀಕ್ಷೆಯಲ್ಲಿ ಪಾಸಾದ ಇದ್ದಿಲನ್ನು ಸಾಮಾನ್ಯ ಸರಕೆಂದು ಕಳಿಸಲು ಅವಕಾಶವಿತ್ತು. ಹಡಗಿನಲ್ಲಿ ಅಪಾಯಕಾರಿ ಸರಕು ಸಾಗಿಸುವ ಅಂತರರಾಷ್ಟ್ರೀಯ ಐಎಂಡಿಜಿ ಸಂಹಿತೆಯ ಹೊಸ ತಿದ್ದುಪಡಿ 2026ರ ಜನವರಿ 1ರಿಂದ ಕಡ್ಡಾಯವಾಗಿದ್ದು, ಆ ವಿನಾಯಿತಿ ಹೋಗಿದೆ. ಈಗ ಅದರ ಅಪಾಯಕಾರಿ ಸರಕಿನ ಸಂಖ್ಯೆ ಯುಎನ್ 1361, ವರ್ಗ 4.2, ಅಂದರೆ ತಾನೇ ಹೊತ್ತಿಕೊಳ್ಳಬಲ್ಲ ವಸ್ತು. ಸುಟ್ಟ ಇದ್ದಿಲನ್ನು ತುಂಬುವ ಮೊದಲು 14 ದಿನ ಗಾಳಿಗೆ ಆರಿಸಬೇಕು. ತುಂಬುವ ದಿನ ಅದರ ತಾಪ 40 ಡಿಗ್ರಿ ಮೀರಬಾರದು. ಥರ್ಮಾಮೀಟರನ್ನು ರಾಶಿಯ ಹೊಟ್ಟೆಗೇ ಇಳಿಸಿ ನೋಡಿ, ಹೊರಮೈ ತಣ್ಣಗಿದ್ದರೆ ಏನೂ ತಿಳಿಯುವುದಿಲ್ಲ. ಕಂಟೇನರಿನ ಸೂರಿಗೂ ಸರಕಿಗೂ ನಡುವೆ 30 ಸೆಂ.ಮೀ. ಖಾಲಿ ಬಿಡಬೇಕು. ಜೊತೆಗೆ ಅಪಾಯಕಾರಿ ಸರಕಿನ ಘೋಷಣಾ ಪತ್ರ, ಕಂಟೇನರ್ ತುಂಬಿದ ಪ್ರಮಾಣಪತ್ರ, ನಾಲ್ಕೂ ಕಡೆ 4.2ರ ಫಲಕ ಬೇಕು. ಬುಕಿಂಗ್‌ಗೆ ಮೊದಲೇ ಹಡಗು ಕಂಪನಿಯ ಒಪ್ಪಿಗೆ ತರಿಸಿಕೊಳ್ಳಿ, ಈ ಸರಕನ್ನು ಮುಟ್ಟದ ಕಂಪನಿಗಳೂ ಇವೆ.

ತಿಪಟೂರಿನವರಾದ್ದರಿಂದ ಇದನ್ನೂ ಹೇಳಬೇಕು: ಕೊಬ್ಬರಿಯೂ ಅದೇ 4.2 ವರ್ಗದ್ದು, ಸಂಖ್ಯೆ ಯುಎನ್ 1363. ಅದರಲ್ಲಿ ತೇವ ಉಳಿದಿದ್ದರೆ ಎಣ್ಣೆಯ ಜೊತೆ ಸೇರಿ ಕಾವೇರುತ್ತದೆ.

ಪ್ರಶ್ನೆ: ಎಫ್‌ಒಬಿ ಚೆನ್ನೈ ಲೆಕ್ಕದಲ್ಲಿ ಮಾವಿನ ತಿರುಳು ಮಾರುತ್ತೇವೆ. ವಿಮೆ ಖರೀದಿದಾರರದ್ದಲ್ಲವೇ, ನಾವೂ ಮಾಡಿಸಬೇಕೇ? — ಓದುಗರು, ಶ್ರೀನಿವಾಸಪುರ

ಉತ್ತರ: ಮಾಡಿಸಬೇಕು. ಎಫ್‌ಒಬಿಯಲ್ಲಿ ಸರಕು ಹಡಗಿನ ಮೇಲೆ ಇಳಿಯುವವರೆಗಿನ ನಷ್ಟ ನಿಮ್ಮದು. ಶ್ರೀನಿವಾಸಪುರದಿಂದ ಚೆನ್ನೈವರೆಗಿನ ರಸ್ತೆ, ಬಂದರಿನಲ್ಲಿ ಕಾಯುವ ದಿನಗಳು, ಎಲ್ಲ ಅದರೊಳಗೇ. ಆ ಭಾಗಕ್ಕೆ ಮಾತ್ರ ಪಾಲಿಸಿ ಸಿಗುತ್ತದೆ. ಮುಂದೆಂದಾದರೂ ಸಿಐಎಫ್ (ಹಡಗು ಬಾಡಿಗೆ, ವಿಮೆ ಎರಡೂ ಮಾರುವವರದ್ದೇ) ಒಪ್ಪಿಕೊಂಡರೆ, ನಿಯಮ ಕೇಳುವುದು ಕನಿಷ್ಠ ರಕ್ಷಣೆಯ ‘ಸಿ’ ಕ್ಲಾಸ್ ಮಾತ್ರ, ಸರಕಿನ ಮೌಲ್ಯದ 110 ಶೇಕಡಾಕ್ಕೆ. ಡ್ರಮ್ ಜಜ್ಜಿ ತಿರುಳು ಸೋರಿದ್ದಕ್ಕೆ ಅದರಲ್ಲಿ ಹಣ ಬರುವುದು ಕಷ್ಟ, ಹೆಚ್ಚು ರಕ್ಷಣೆಯ ‘ಎ’ ಕ್ಲಾಸ್ ಕೇಳಿ.

215 ಕೆಜಿಯ 80 ಡ್ರಮ್, ಅಂದರೆ 17.2 ಟನ್ ತಿರುಳು 20 ಅಡಿ ಕಂಟೇನರಿನಲ್ಲಿ ಎರಡು ಅಂತಸ್ತಾಗಿ ಕೂರುತ್ತದೆ. ಎರಡರ ನಡುವೆ ಪ್ಲೈವುಡ್ ಹಾಳೆ ಹಾಕಿ, ಬಾಗಿಲ ಕಡೆ ಉಳಿದ ಸಂದಿಗೆ ಗಾಳಿಚೀಲ ಅಥವಾ ಮರದ ಅಡ್ಡಪಟ್ಟಿ ಕೊಡಿ. ಖಾಲಿ ಕಂಟೇನರ್, ಅರ್ಧ ತುಂಬಿದ್ದು, ಪೂರ್ತಿ ತುಂಬಿದ್ದು, ಸೀಲ್ ಸಂಖ್ಯೆ ಕಾಣುವ ಹಾಗೆ ಮುಚ್ಚಿದ ಬಾಗಿಲು, ಈ ನಾಲ್ಕು ಫೋಟೊಗಳು ಬೇಕೇಬೇಕು. ಬಿ.ಎಲ್. ಮೇಲೆ ‘ತುಂಬಿದ್ದು, ಜೋಡಿಸಿದ್ದು, ಎಣಿಸಿದ್ದು ಕಳಿಸಿದವರೇ’ ಎಂಬ ಸಾಲು ಅಚ್ಚಾಗಿರುತ್ತದೆ. ಡ್ರಮ್ ಉರುಳಿದ್ದು ಹೇಗೆ ಎಂದು ವಿಮೆಯವರು ಕೇಳುವುದೂ ನಿಮ್ಮನ್ನೇ.